ಅರಿಜೋನಾ ಗಡಿಯ ತಾಮ್ರದ ಗಣಿ ಊರುಗಳಲ್ಲಿ ಬೇಸ್‌ಬಾಲ್ ತಂಡಗಳು ಬೆಳೆದದ್ದು ಹೇಗೆ?

ತುಂಗಾತೀರ:

ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ನರನ್ನು ನಿರ್ಧರಿಸುವ ವಿಶ್ವ ಸರಣಿಯಲ್ಲಿ (ವರ್ಲ್ಡ್ ಸೀರೀಸ್) 1919ರಲ್ಲಿ ನಡೆದ ಹಗರಣದ ಬಗ್ಗೆ ಓದುತ್ತಿರುವಾಗ ಒಂದು ಸಂಗತಿ ನನ್ನ ಗಮನ ಸೆಳೆಯಿತು. ಹಣ ಪಡೆದು ಸಿನ್ಸಿನಾಟಿಯೆದುರು ಬೇಕೆಂದೇ ಸೋತರೆಂಬ ಆರೋಪ ಹೊತ್ತ ಶಿಕಾಗೊ ವೈಟ್ ಸಾಕ್ಸ್ ಆಟಗಾರರನ್ನು 1921ರ ಆಗಸ್ಟ್‌ನಲ್ಲಿ ನ್ಯಾಯಾಲಯವು ಖುಲಾಸೆ ಮಾಡಿತಾದರೂ, ಮರುದಿನವೇ ಬೇಸ್‌ಬಾಲ್ ಕಮಿಷನರ್ ಕೆನೆಸಾ ಮೌಂಟನ್ ಲ್ಯಾಂಡಿಸ್ ಅವರು ತಂಡದ ಎಂಟು ಮಂದಿಯನ್ನೂ ಶಾಶ್ವತವಾಗಿ ಆಟದಿಂದ ಹೊರಗಿಟ್ಟರು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಅವರಲ್ಲಿ ಕೆಲವರು ನಾಲ್ಕೈದು ವರ್ಷಗಳ ನಂತರ ಅರಿಜೋನಾದ ಡಗ್ಲಸ್ ಎಂಬ, ಮೆಕ್ಸಿಕೊ ಗಡಿಗೆ ಅಂಟಿಕೊಂಡೇ ಇರುವ ಊರಿನ ಸುತ್ತಮುತ್ತ ಮತ್ತೆ ಆಡುತ್ತಿದ್ದರು.

1920ರ ಜನಗಣತಿಯ ಹೊತ್ತಿಗೆ ಡಗ್ಲಸ್‌ನ ಜನಸಂಖ್ಯೆ ಸುಮಾರು 10 ಸಾವಿರ. ಅಷ್ಟು ಸಣ್ಣ ಊರು ದೇಶದ ಅತ್ಯುತ್ತಮ ಆಟಗಾರರಲ್ಲಿ ಎಣಿಸಲ್ಪಡುತ್ತಿದ್ದವರಿಗೆ ಸಂಬಳ ಕೊಟ್ಟು ತಂಡ ಕಟ್ಟುವಷ್ಟು ಶಕ್ತಿ ಪಡೆದದ್ದು ಹೇಗೆ? ಈ ಊರುಗಳಲ್ಲಿ ತಂಡಗಳು ಯಾವಾಗ ಹುಟ್ಟಿದವು, ಅವುಗಳ ಖರ್ಚನ್ನು ಯಾರು ಹೊರುತ್ತಿದ್ದರು? ಗಡಿ ಇದ್ದದ್ದರಿಂದ ಆಟಕ್ಕೆ ಏನಾದರೂ ವಿಶೇಷ ಸ್ವರೂಪ ಬಂದಿತೇ, ಅಥವಾ ಅಮೆರಿಕದ ಬೇರೆ ಯಾವುದೇ ಗಣಿ ಊರಿನಂತೆಯೇ ಇವೂ ಇದ್ದವೇ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಫೀನಿಕ್ಸ್ ಕನ್ನಡಿಗ:

ತಾವು ಕೇಳಿರುವ ಪ್ರಶ್ನೆಗೆ ಉತ್ತರವನ್ನು ಡಗ್ಲಸ್‌ನಿಂದಲ್ಲ, ಅದಕ್ಕೆ ಪಶ್ಚಿಮದಲ್ಲಿರುವ ಬಿಸ್ಬೀ ಎಂಬ ಊರಿನಿಂದ ಆರಂಭಿಸುವುದು ಸರಿಯೆಂದು ನನಗೆ ತೋರುತ್ತದೆ. ಮ್ಯೂಲ್ ಪರ್ವತಗಳ ಇಕ್ಕಟ್ಟಾದ ಕಣಿವೆಯಲ್ಲಿ 1880ರ ಸುಮಾರಿಗೆ ಹುಟ್ಟಿದ ಈ ಊರಿಗೆ ಕಾಪರ್ ಕ್ವೀನ್ ಗಣಿಯೇ ಪ್ರಾಣ. ಆ ಗಣಿಯನ್ನು ನಡೆಸುತ್ತಿದ್ದ ಫೆಲ್ಪ್ಸ್ ಡಾಜ್ ಕಂಪನಿಗೆ ಅಲ್ಲಿನ ಗ್ರಂಥಾಲಯ, ದೊಡ್ಡ ಅಂಗಡಿ, ಆಸ್ಪತ್ರೆ ಎಲ್ಲದರ ಮೇಲೂ ಹಿಡಿತವಿತ್ತು. ಟೆಕ್ಸಸ್‌ನ ಎಲ್ ಪಾಸೊವರೆಗೆ ಹೋಗುವ ರೈಲುಮಾರ್ಗವೂ ಅದೇ ಕಂಪನಿಯದು. ಬಿಸ್ಬೀಯಲ್ಲಿ ಅದಿರು ಕರಗಿಸಲು ಬೇಕಾದ ಸಮತಟ್ಟಾದ ಜಾಗವೂ ನೀರೂ ಸಾಲದೆ ಹೋದಾಗ, ಕಂಪನಿಗಳು ತಮ್ಮ ಕುಲುಮೆಗಳನ್ನು ಗಡಿಯಂಚಿನ ಬಯಲಿಗೆ ಸಾಗಿಸಿದವು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹಾಗೆ ಎದ್ದ ಊರೇ ಡಗ್ಲಸ್. ಅದಕ್ಕೆ ಇಟ್ಟ ಹೆಸರೂ ಕಂಪನಿಯ ಮುಖ್ಯಸ್ಥ ಜೇಮ್ಸ್ ಡಗ್ಲಸ್ ಅವರದೇ. ಹೀಗಾಗಿ ತಂಡಗಳ ಖರ್ಚನ್ನು ಯಾರು ಹೊರುತ್ತಿದ್ದರು ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಒಂದೇ: ತಾಮ್ರ.

ಇದರ ಕ್ರಮ ಹೀಗಿತ್ತು. ಚೆನ್ನಾಗಿ ಆಡುವವನಿಗೆ ಗಣಿಯಲ್ಲಿಯೋ ಕುಲುಮೆಯಲ್ಲಿಯೋ ಕಂಪನಿಯ ಅಂಗಡಿಯಲ್ಲಿಯೋ ಒಂದು ನೌಕರಿ ಕೊಡುತ್ತಿದ್ದರು, ಅಭ್ಯಾಸಕ್ಕೂ ಪಂದ್ಯಕ್ಕೂ ಬಿಡುವು ಸಿಗುತ್ತಿತ್ತು. ಆದ್ದರಿಂದ ಕಾಗದದ ಮೇಲೆ ಆತ ಹವ್ಯಾಸಿಯಾಗಿದ್ದರೂ ವಾಸ್ತವವಾಗಿ ಆಟದಿಂದಲೇ ಬದುಕುವವನಾಗಿದ್ದ. ಅಪಾಯದ ಕೆಲಸ ಮಾಡುವ, ಬಹುಪಾಲು ಅವಿವಾಹಿತರಾದ ಸಾವಿರಾರು ಗಂಡಸರನ್ನು ಭಾನುವಾರ ಮದ್ಯದಂಗಡಿಗಳಿಂದಲೂ ಕಾರ್ಮಿಕ ಸಂಘದ ಸಭೆಗಳಿಂದಲೂ ದೂರವಿಡಲು ಬೇಸ್‌ಬಾಲ್‌ಗಿಂತ ಅಗ್ಗದ ಉಪಾಯ ಬೇರೆ ಇಲ್ಲವೆಂದು ಆ ಕಾಲದ ಗಣಿ ಕಂಪನಿಗಳು ಪಶ್ಚಿಮದುದ್ದಕ್ಕೂ ಕಂಡುಕೊಂಡಿದ್ದವು.

ಬಿಸ್ಬೀಯ ಮೈದಾನವೇ ಇದಕ್ಕೆ ಉತ್ತಮ ಸಾಕ್ಷಿ. ಫೆಲ್ಪ್ಸ್ ಡಾಜ್‌ನ ಪ್ರತಿಸ್ಪರ್ಧಿಯಾಗಿದ್ದ ಕ್ಯಾಲುಮೆಟ್ ಅಂಡ್ ಅರಿಜೋನಾ ಕಂಪನಿಯು ಕಣಿವೆಯ ಕೆಳಗಿನ ಬಯಲಿನಲ್ಲಿ ವಾರನ್ ಎಂಬ ಹೊಸ ಬಡಾವಣೆಯನ್ನು ರೂಪಿಸಿತು. ಅದರ ನಕ್ಷೆ ಬರೆದವರು ಬಾಸ್ಟನ್‌ನ ಹೆಸರಾಂತ ಭೂದೃಶ್ಯ ವಿನ್ಯಾಸಕಾರ ವಾರನ್ ಮ್ಯಾನಿಂಗ್. ನಿವೇಶನಗಳನ್ನು ಮಾರಬೇಕಾದರೆ ಜನರು ಅಲ್ಲಿಗೆ ಬರಬೇಕಲ್ಲ. ಅದಕ್ಕಾಗಿ 1908ರಲ್ಲಿ ಟ್ರ್ಯಾಮ್ ಹಾಕಿದರು, 1909ರಲ್ಲಿ ಮೈದಾನ ಕಟ್ಟಿದರು. ಆ ವರ್ಷದ ಜೂನ್ 27ರಂದು ಎಲ್ ಪಾಸೊ ತಂಡದೊಂದಿಗೆ ಮೊದಲ ಪಂದ್ಯ ನಡೆಯಿತು. ಬಾಸ್ಟನ್ನಿನ ಫೆನ್‌ವೇ ಪಾರ್ಕ್ ತೆರೆದದ್ದು 1912ರಲ್ಲಿ ಎಂಬುದನ್ನು ನೆನೆದರೆ ಈ ಮೈದಾನದ ವಯಸ್ಸು ಅರ್ಥವಾಗುತ್ತದೆ. ಇಂದಿಗೂ ಅಲ್ಲಿ ಶಾಲಾ ತಂಡಗಳು ಆಡುತ್ತವೆ. ಫೀನಿಕ್ಸ್‌ನಿಂದ ದಕ್ಷಿಣಕ್ಕೆ ಪ್ರಯಾಣ ಮಾಡುವ ನಮ್ಮವರು ಗಣಿಯ ಸುರಂಗವನ್ನು ನೋಡಿ ಹಿಂದಿರುಗುತ್ತಾರೆಯೇ ಹೊರತು ಮೈದಾನಕ್ಕೆ ಹೋಗುವುದಿಲ್ಲ, ಇದು ನನಗೆ ಬೇಸರದ ವಿಷಯ.

1913ರ ನವೆಂಬರ್ 7ರಂದು ಜಾನ್ ಮಗ್ರಾ ಅವರ ನ್ಯೂಯಾರ್ಕ್ ಜಯಂಟ್ಸ್ ಮತ್ತು ಚಾರ್ಲ್ಸ್ ಕಮಿಸ್ಕಿ ಅವರ ಶಿಕಾಗೊ ವೈಟ್ ಸಾಕ್ಸ್ ತಂಡಗಳು ತಮ್ಮ ವಿಶ್ವ ಪ್ರವಾಸದ ಹಾದಿಯಲ್ಲಿ ಇದೇ ಮೈದಾನದಲ್ಲಿ ಆಡಿದವು. ಮುಂದೆ ಜಪಾನ್, ಆಸ್ಟ್ರೇಲಿಯಾ, ಕೊಲಂಬೊ, ಕೈರೊ, ಲಂಡನ್‌ಗಳಲ್ಲಿ ಕಾಣಿಸಿಕೊಂಡ ಆ ಆಟಗಾರರು ಅದಕ್ಕೆ ಮೊದಲು ಸುಮಾರು 9 ಸಾವಿರ ಜನರ ಈ ಗಣಿ ಊರಿನಲ್ಲಿ ಇಳಿದರು. ಅರಿಜೋನಾ ರಾಜ್ಯವಾಗಿ ಆಗ ಎರಡು ವರ್ಷವೂ ತುಂಬಿರಲಿಲ್ಲ.

ರಾಬರ್ಟ್‌ಸನ್‌ಪೇಟೆ:

ಫೀನಿಕ್ಸ್ ಕನ್ನಡಿಗರು ಬರೆದಿರುವುದಕ್ಕೆ ನನ್ನ ಸಮ್ಮತಿಯಿದೆ. ಆದರೆ ಆ ಮೈದಾನದ ಇತಿಹಾಸವನ್ನು 1913ಕ್ಕೆ ನಿಲ್ಲಿಸಬಾರದು. ನಾನು ಕೆ.ಜಿ.ಎಫ್. ಕಡೆಯವನು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರದೇಶದ ಗಣಿಗಾರರು ತಮ್ಮ ತವರ ಮತ್ತು ತಾಮ್ರದ ಗಣಿಗಳು ಸೊರಗಿದಾಗ ಜಗತ್ತಿನಾದ್ಯಂತ ಹರಡಿದರಷ್ಟೆ; ಅವರಲ್ಲಿ ಕೆಲವರು ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಮೂಲಕ ಕೋಲಾರಕ್ಕೆ ಬಂದರು, ಇನ್ನು ಕೆಲವರು ಬಿಸ್ಬೀಗೆ ಹೋದರು. ಕಂಪನಿಯೇ ಕ್ಲಬ್ಬನ್ನೂ ಮೈದಾನವನ್ನೂ ಕಟ್ಟಿಸುವುದು, ಯಾರು ಒಳಗೆ ಬರಬಹುದು ಯಾರು ಬರಬಾರದು ಎಂಬುದನ್ನೂ ಅದೇ ತೀರ್ಮಾನಿಸುವುದು ನಮ್ಮ ಊರಿನ ಹಿರಿಯರಿಗೆ ಚೆನ್ನಾಗಿ ಪರಿಚಯವಿದ್ದ ವ್ಯವಸ್ಥೆ. ಆದ್ದರಿಂದ ಬಿಸ್ಬೀಯ ವಿಷಯದಲ್ಲಿಯೂ ನಾನು ಮೊದಲು ನೋಡುವುದು ತಂಡದಲ್ಲಿ ಯಾರಿದ್ದರು ಎಂಬುದಕ್ಕಿಂತ ಯಾರಿರಲಿಲ್ಲ ಎಂಬುದನ್ನು.

ಬಿಸ್ಬೀಯು ತನ್ನನ್ನು ಬಿಳಿಯರ ಗಣಿ ಎಂದು ಬಹಿರಂಗವಾಗಿಯೇ ಹೇಳಿಕೊಳ್ಳುತ್ತಿತ್ತು. ಮೆಕ್ಸಿಕನ್ನರಿಗೆ ನೆಲದಡಿಯ ಹೆಚ್ಚು ಕೂಲಿಯ ಕೆಲಸಗಳು ಸಿಗುತ್ತಿರಲಿಲ್ಲ, ನೆಲದ ಮೇಲಿನ ಕೆಲಸಕ್ಕೆ ಅವರಿಗೆ ಕಡಿಮೆ ಕೂಲಿ. ಚೀನೀಯರು ಹಗಲಿನಲ್ಲಿ ತರಕಾರಿ ಮಾರಬಹುದಿತ್ತು, ರಾತ್ರಿ ಊರಿನಲ್ಲಿ ತಂಗುವಂತಿರಲಿಲ್ಲ. ಗಡಿ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ಊರಿನಲ್ಲಿ, ಆ ಗಡಿಯ ಆಚೆಯಿಂದ ಬಂದವರು ಗ್ಯಾಲರಿಯ ಟಿಕೆಟ್ ಕೊಳ್ಳಬಹುದಾಗಿತ್ತು. ಕಂಪನಿಯ ತಂಡದ ಸಮವಸ್ತ್ರ ಅವರ ಪಾಲಿಗೆ ದೂರದ ಮಾತು.

1917ರ ಜೂನ್ ಕೊನೆಯಲ್ಲಿ, ಮಹಾಯುದ್ಧದ ಕಾರಣದಿಂದ ತಾಮ್ರದ ಬೆಲೆ ಏರಿದ್ದ ಕಾಲದಲ್ಲಿ, ಸುರಕ್ಷತೆ ಮತ್ತು ಸಮಾನ ಕೂಲಿಯ ಬೇಡಿಕೆಗಳೊಂದಿಗೆ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಜುಲೈ 12ರ ಮುಂಜಾನೆ ಶೆರಿಫ್ ಹ್ಯಾರಿ ವೀಲರ್ ನೇತೃತ್ವದಲ್ಲಿ, ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡ ಸುಮಾರು 2 ಸಾವಿರ ಶಸ್ತ್ರಧಾರಿಗಳು ಮನೆಮನೆಗೆ ನುಗ್ಗಿ ಮುಷ್ಕರಗಾರರನ್ನೂ ಅವರ ಬಗ್ಗೆ ಸಹಾನುಭೂತಿ ತೋರಿದವರನ್ನೂ ಎಳೆದು ತಂದರು. ಹೊರಜಗತ್ತಿಗೆ ಸುದ್ದಿ ಹೋಗದಂತೆ ತಂತಿ ಕಚೇರಿಯನ್ನು ವಶಪಡಿಸಿಕೊಂಡರು. ಹಿಡಿದವರನ್ನೆಲ್ಲ ಕೂಡಿಹಾಕಿದ್ದು ವಾರನ್‌ನ ಬೇಸ್‌ಬಾಲ್ ಮೈದಾನದಲ್ಲಿ. ಬಿಸಿಲಿನಲ್ಲಿ ನಿಲ್ಲಿಸಿ, ಮುಷ್ಕರ ಬಿಟ್ಟು ಕೆಲಸಕ್ಕೆ ಮರಳುತ್ತೀರೋ ಇಲ್ಲವೋ ಎಂದು ಕೇಳಿದರು. ಒಪ್ಪದ ಸುಮಾರು 1,200 ಮಂದಿಯನ್ನು ದನ ಸಾಗಿಸುವ 23 ಬೋಗಿಗಳಿಗೆ ತುಂಬಿ ನ್ಯೂ ಮೆಕ್ಸಿಕೊದ ಮರುಭೂಮಿಯ ಕಡೆಗೆ ಗಡೀಪಾರು ಮಾಡಿದರು. ಅವರಲ್ಲಿ ಹೆಚ್ಚಿನವರು ವಲಸಿಗರು, ಮೆಕ್ಸಿಕನ್ನರು ದೊಡ್ಡ ಸಂಖ್ಯೆಯಲ್ಲಿದ್ದರು.

ಎಲ್ ಪಾಸೊದಿಂದ ಎದುರಾಳಿ ತಂಡಗಳನ್ನು ಕರೆತರುತ್ತಿದ್ದ ರೈಲುಮಾರ್ಗವೂ, ಈ ಬೋಗಿಗಳನ್ನು ಹೊತ್ತೊಯ್ದ ರೈಲುಮಾರ್ಗವೂ ಒಂದೇ. ಅಧ್ಯಕ್ಷ ವಿಲ್ಸನ್ ನೇಮಿಸಿದ ಆಯೋಗವು ಈ ಗಡೀಪಾರಿಗೆ ಕಾನೂನಿನ ಯಾವ ಆಧಾರವೂ ಇಲ್ಲವೆಂದು ವರದಿ ಕೊಟ್ಟಿತು. ಆದರೂ 1920ರಲ್ಲಿ ಸುಪ್ರೀಂ ಕೋರ್ಟು ಇದು ಒಕ್ಕೂಟ ಸರ್ಕಾರ ಶಿಕ್ಷಿಸಬಹುದಾದ ಅಪರಾಧವಲ್ಲವೆಂದು ಹೇಳಿದ ಮೇಲೆ ಯಾರಿಗೂ ಶಿಕ್ಷೆಯಾಗಲಿಲ್ಲ. ಅಮೆರಿಕದ ಹಳೆಯ ಮೈದಾನಗಳ ಬಗ್ಗೆ ಬರೆಯುವವರು ಹಲವರು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಮೈದಾನದಲ್ಲಿ ನಡೆದ ಅತ್ಯಂತ ದೊಡ್ಡ ಘಟನೆ ಇದೇ. ಊರಿನ ಇಡೀ ಜನರನ್ನು ಸೇರಿಸಲು ಕಂಪನಿ ಕಟ್ಟಿದ, ಸುತ್ತಲೂ ಬೇಲಿಯಿದ್ದ, ರೈಲು ಹತ್ತಿರವಿದ್ದ ಸ್ಥಳ ಅದೊಂದೇ ಆಗಿತ್ತು.

ತುಂಗಾತೀರ:

ಇಬ್ಬರಿಗೂ ವಂದನೆಗಳು. ಗಡೀಪಾರಿನ ವಿಷಯ ಓದಿ ಮನಸ್ಸು ಭಾರವಾಯಿತು. ಕಂಪನಿಯ ತಂಡದಲ್ಲಿ ಮೆಕ್ಸಿಕನ್ನರಿಗೆ ಸ್ಥಾನವಿರಲಿಲ್ಲವೆಂದ ಮೇಲೆ, ಅವರು ಎಲ್ಲಿ ಆಡುತ್ತಿದ್ದರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಗಡಿಯಾಚೆಯ ಮೆಕ್ಸಿಕೊದ ಸೊನೋರಾ ಪ್ರಾಂತ್ಯದಲ್ಲಿ ಇಂದು ಫುಟ್‌ಬಾಲ್‌ಗಿಂತ ಬೇಸ್‌ಬಾಲ್‌ಗೆ ಹೆಚ್ಚು ಅಭಿಮಾನಿಗಳಿದ್ದಾರೆಂದು ಕೇಳಿದ್ದೇನೆ. ಆಟವು ಉತ್ತರದಿಂದ ದಕ್ಷಿಣಕ್ಕೆ ಹೋಯಿತೆಂದು ಹೇಳಿದರೆ ಸಾಕೇ?

ಹಳೇ ಮೈದಾನ:

ಸಾಲದು. ಮೆಕ್ಸಿಕೊದಲ್ಲಿ ಮೊದಲ ಬೇಸ್‌ಬಾಲ್ ಪಂದ್ಯ ನಡೆದದ್ದು ತಮ್ಮಲ್ಲಿಯೇ ಎಂದು ವಾದಿಸುವ ಊರುಗಳು ಹಲವು. ಅವುಗಳಲ್ಲಿ ಸೊನೋರಾದ ಬಂದರು ಗ್ವಾಯ್ಮಾಸ್ ಕೂಡ ಒಂದು. 1877ರಲ್ಲಿ ಅಮೆರಿಕದ ಹಡಗೊಂದರ ನಾವಿಕರು ಅಲ್ಲಿ ಆಡಿ ತೋರಿಸಿದರೆಂಬುದು ಆ ಊರಿನವರ ಹೇಳಿಕೆ. ಆ ವಾದ ಎಷ್ಟೇ ವಿವಾದಾಸ್ಪದವಾಗಿರಲಿ, 1882ರಲ್ಲಿ ಗ್ವಾಯ್ಮಾಸ್‌ನಿಂದ ಗಡಿಯ ನೊಗಾಲೆಸ್‌ವರೆಗೆ ರೈಲು ಬಂದದ್ದು ನಿಶ್ಚಿತ. ಹಾಗಾಗಿ ಈ ಗಡಿ ಪ್ರದೇಶಕ್ಕೆ ಆಟವನ್ನು ತರುವ ದಾರಿಗಳು ಎರಡಿದ್ದವು: ಸಮುದ್ರದ ಕಡೆಯಿಂದ ಬರುವ ರೈಲು ಒಂದು, ಉತ್ತರದ ಗಣಿ ಮತ್ತು ಸೈನ್ಯದ ಶಿಬಿರಗಳು ಇನ್ನೊಂದು.

ಗಡಿಯಿಂದ ಸುಮಾರು 40 ಮೈಲಿ ದಕ್ಷಿಣದ ಕನಾನೆಯಾ ಊರನ್ನು ಇಲ್ಲಿ ಯಾರೂ ಹೆಸರಿಸಿಲ್ಲ. ವಿಲಿಯಂ ಗ್ರೀನ್ ಎಂಬ ಅಮೆರಿಕನ್ ಉದ್ಯಮಿಯ ತಾಮ್ರದ ಗಣಿ ಅಲ್ಲಿತ್ತು. 1906ರ ಜೂನ್ 1ರಂದು ಅಲ್ಲಿನ ಮೆಕ್ಸಿಕನ್ ಕಾರ್ಮಿಕರು ಅಮೆರಿಕನ್ನರಿಗೆ ಸಿಗುವಷ್ಟೇ ಕೂಲಿ ತಮಗೂ ಬೇಕೆಂದು ಮುಷ್ಕರ ಹೂಡಿದಾಗ, ಬಿಸ್ಬೀಯಿಂದ ಇನ್ನೂರಕ್ಕೂ ಹೆಚ್ಚು ಶಸ್ತ್ರಧಾರಿ ಸ್ವಯಂಸೇವಕರು ಗಡಿ ದಾಟಿ ಹೋದರು. ಬೇರೆ ದೇಶದ ಮುಷ್ಕರವನ್ನು ಅಡಗಿಸಲು ಹೀಗೆ ಹೋದದ್ದು ಮೆಕ್ಸಿಕೊದ ಕ್ರಾಂತಿಯ ಪೂರ್ವಸೂಚನೆಗಳಲ್ಲಿ ಒಂದೆಂದು ಇತಿಹಾಸಕಾರರು ಪರಿಗಣಿಸುತ್ತಾರೆ. ಸುಮಾರು ಅದೇ ಕಾಲದಲ್ಲಿ ಕನಾನೆಯಾದ ತಂಡದಲ್ಲಿ ಆಡುತ್ತಾ, ಗಣಿಯಲ್ಲಿ ಬಾಯ್ಲರ್ ಕೆಲಸ ಮಾಡುತ್ತಾ, ಮಧ್ಯೆ ಮಧ್ಯೆ ಹಣಕ್ಕಾಗಿ ಮುಷ್ಟಿಯುದ್ಧಕ್ಕೂ ಇಳಿಯುತ್ತಿದ್ದ ಒಬ್ಬ ಎತ್ತರದ ಯುವಕನ ಹೆಸರು ಚಿಕ್ ಗ್ಯಾಂಡಿಲ್. 1919ರ ಹಗರಣದ ಸೂತ್ರಧಾರನೆಂದು ಹೆಸರಾದವನು ಇವನೇ. ನಿಷೇಧದ ನಂತರ ಆತ ಗಡಿಗೆ ಬಂದದ್ದನ್ನು ಅನೇಕರು ಪಲಾಯನವೆಂಬಂತೆ ಬರೆಯುತ್ತಾರೆ. ವಾಸ್ತವವಾಗಿ ಆತ ತನ್ನ ವೃತ್ತಿ ಆರಂಭವಾದ ಪ್ರದೇಶಕ್ಕೇ ಹಿಂದಿರುಗಿದ್ದ. ಗಣಿ ತಂಡಗಳು ಹೇಗೆ ನಡೆಯುತ್ತವೆ, ಯಾರನ್ನು ಕೇಳಿದರೆ ಕೆಲಸ ಸಿಗುತ್ತದೆ ಎಂಬುದು ಅವನಿಗೆ ಮೊದಲೇ ತಿಳಿದಿತ್ತು.

ಇನ್ನು ಸೈನ್ಯದ ವಿಷಯ. ಮೆಕ್ಸಿಕೊ ಕ್ರಾಂತಿಯ ಕಾಲದಲ್ಲಿ ಡಗ್ಲಸ್‌ಗೆ ಎದುರಾಗಿರುವ ಆಗ್ವಾ ಪ್ರಿಯೆತಾದಲ್ಲಿ 1911ರಲ್ಲೂ 1915ರಲ್ಲೂ ಯುದ್ಧ ನಡೆಯಿತು. ಎರಡನೆಯದರಲ್ಲಿ ಕ್ರಾಂತಿಯ ನಾಯಕರಲ್ಲೊಬ್ಬನಾದ ಪಾಂಚೊ ವಿಯ್ಯಾನ ಸೈನ್ಯ ಸೋತಿತು. ಗುಂಡುಗಳು ಗಡಿ ದಾಟಿ ಡಗ್ಲಸ್‌ನ ಬೀದಿಗಳಿಗೂ ಬಿದ್ದವು. 1916ರಲ್ಲಿ ವಿಯ್ಯಾ ನ್ಯೂ ಮೆಕ್ಸಿಕೊದ ಕೊಲಂಬಸ್ ಊರಿನ ಮೇಲೆ ದಾಳಿ ಮಾಡಿದ ನಂತರ ಅಮೆರಿಕ ಸರ್ಕಾರವು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಗಡಿಯುದ್ದಕ್ಕೂ ನಿಲ್ಲಿಸಿತು. ಕಾಯುವುದಲ್ಲದೆ ಬೇರೆ ಕೆಲಸವಿಲ್ಲದ ಸೈನಿಕರಿಗೆ ಬೇಸ್‌ಬಾಲ್ ದಿನಚರಿಯೇ ಆಯಿತು, ಊರಿನ ತಂಡಗಳಿಗೆ ಎದುರಾಳಿಗಳ ಕೊರತೆ ತೀರಿತು.

ಗಡಿಯ ಆಟದ ಅತ್ಯುತ್ತಮ ತಂಡ ಯಾವುದೆಂದು ನನ್ನನ್ನು ಕೇಳಿದರೆ, ಕಂಪನಿಯ ತಂಡಗಳನ್ನೂ ನಿಷೇಧಿತರ ತಂಡಗಳನ್ನೂ ಬಿಟ್ಟು, ನೊಗಾಲೆಸ್‌ನಲ್ಲಿದ್ದ 25ನೆಯ ಪದಾತಿದಳದ ಕಪ್ಪು ಸೈನಿಕರ ತಂಡವನ್ನು ಹೆಸರಿಸುತ್ತೇನೆ. ಹವಾಯಿಯಿಂದ 1918ರಲ್ಲಿ ನೊಗಾಲೆಸ್‌ನ ಕ್ಯಾಂಪ್ ಲಿಟಲ್‌ಗೆ ಬಂದ ಈ ದಳದಲ್ಲಿ ಬುಲೆಟ್ ರೋಗನ್, ಡೋಬಿ ಮೂರ್, ಹೆವಿ ಜಾನ್ಸನ್ ಇದ್ದರು. ಆಗ ಆಟಗಾರನಾಗಿದ್ದ ಕೇಸಿ ಸ್ಟೆಂಗಲ್ ಇವರ ಆಟವನ್ನು ಗಡಿಯಲ್ಲಿ ಕಂಡು ಕ್ಯಾನ್ಸಸ್ ಸಿಟಿಯ ತಂಡದ ಮಾಲೀಕ ಜೆ. ಎಲ್. ವಿಲ್ಕಿನ್ಸನ್ ಅವರಿಗೆ ತಿಳಿಸಿದರೆಂಬ ಮಾತು ಪ್ರಸಿದ್ಧವಾಗಿದೆ. 1920ರಲ್ಲಿ ವಿಲ್ಕಿನ್ಸನ್ ಕಟ್ಟಿದ, ಕಪ್ಪು ಆಟಗಾರರ ಮೊನಾರ್ಕ್ಸ್ ತಂಡಕ್ಕೆ ಈ ಸೈನಿಕರೇ ಬೆನ್ನೆಲುಬಾದರು. ರೋಗನ್ ಅವರಿಗೆ 1998ರಲ್ಲಿ ಬೇಸ್‌ಬಾಲ್‌ನ ಗೌರವ ಮಂದಿರದಲ್ಲಿ ಸ್ಥಾನ ದೊರೆಯಿತು. ಬಣ್ಣದ ಕಾರಣಕ್ಕೆ ದೊಡ್ಡ ಲೀಗುಗಳ ಬಾಗಿಲು ಇವರಿಗೆ ಎಂದೂ ತೆರೆದಿರಲಿಲ್ಲ. ಯಾವ ತಪ್ಪನ್ನೂ ಮಾಡದೆ ಹೊರಗುಳಿದ ಇವರ ಬಗ್ಗೆ, ತಪ್ಪಿನ ಕಾರಣಕ್ಕೆ ಹೊರಹಾಕಲ್ಪಟ್ಟವರ ಬಗ್ಗೆ ಬರೆದಷ್ಟು ಯಾರೂ ಬರೆದಿಲ್ಲವೆಂಬುದು ನನಗೆ ನೋವಿನ ಸಂಗತಿ.

ಫೀನಿಕ್ಸ್ ಕನ್ನಡಿಗ:

ಹಳೇ ಮೈದಾನ ಅವರ ಮಾತು ನ್ಯಾಯವಾದದ್ದು. ಆದರೂ ಪ್ರಶ್ನೆ ಎತ್ತಿದವರು ಡಗ್ಲಸ್‌ನ ನಿಷೇಧಿತ ಆಟಗಾರರ ಬಗ್ಗೆಯೇ ಮೊದಲು ಕೇಳಿದ್ದರಿಂದ ಅದನ್ನೂ ಹೇಳಿಬಿಡುತ್ತೇನೆ.

1925ರಲ್ಲಿ ಫ್ರಾಂಟಿಯರ್ ಲೀಗ್ ಎಂದು ಆರಂಭವಾಗಿ ಮರುವರ್ಷ ಕಾಪರ್ ಲೀಗ್ ಎಂದು ಹೆಸರು ಬದಲಿಸಿಕೊಂಡ ಕೂಟವದು. ಡಗ್ಲಸ್, ಬಿಸ್ಬೀ, ಎಲ್ ಪಾಸೊ, ನ್ಯೂ ಮೆಕ್ಸಿಕೊದ ಫೋರ್ಟ್ ಬೇಯಾರ್ಡ್ ಮತ್ತು ಚಿನೊ ಗಣಿಯ ತಂಡಗಳ ಜೊತೆಗೆ ಗಡಿಯ ಆಚೆಯ ಹ್ವಾರೆಸ್ ತಂಡವೂ ಅದರಲ್ಲಿತ್ತು. ಅಧಿಕೃತ ಬೇಸ್‌ಬಾಲ್ ಆಡಳಿತದ ವ್ಯಾಪ್ತಿಗೆ ಈ ಲೀಗ್ ಸೇರಿರಲಿಲ್ಲ, ಆದ್ದರಿಂದ ಲ್ಯಾಂಡಿಸ್ ಅವರ ಆಜ್ಞೆ ಇಲ್ಲಿ ನಡೆಯುತ್ತಿರಲಿಲ್ಲ. ಮೊದಲ ಬೇಸ್ ಕಾಯುವುದರಲ್ಲಿ ಸಾಟಿಯಿಲ್ಲದವನೆನಿಸಿದ್ದ, 1916ರಲ್ಲಿ ನ್ಯಾಷನಲ್ ಲೀಗಿನ ಬ್ಯಾಟಿಂಗ್ ಪ್ರಶಸ್ತಿ ಗೆದ್ದಿದ್ದ, ಆದರೆ ಪಂದ್ಯಗಳನ್ನು ಮಾರಿಕೊಂಡನೆಂಬ ಕುಖ್ಯಾತಿಯಿಂದ 1919ರ ನಂತರ ಯಾರಿಗೂ ಬೇಡವಾಗಿದ್ದ ಹಾಲ್ ಚೇಸ್ ಡಗ್ಲಸ್ ತಂಡವನ್ನು ಮುನ್ನಡೆಸಿದ. ಅವನ ಸುತ್ತ ವೈಟ್ ಸಾಕ್ಸ್‌ನ ಬಕ್ ವೀವರ್, ಗ್ಯಾಂಡಿಲ್ ಮತ್ತು ಎಡಗೈ ಪಿಚರ್ ಲೆಫ್ಟಿ ವಿಲಿಯಮ್ಸ್ ಈ ಲೀಗಿಗೆ ಬಂದರು.

ಇವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾನು ಒಪ್ಪುವುದಿಲ್ಲ. ವೀವರ್ 1919ರ ಸರಣಿಯಲ್ಲಿ .324 ಸರಾಸರಿಯಲ್ಲಿ ಬ್ಯಾಟ್ ಮಾಡಿದ್ದ, ಒಂದೂ ಫೀಲ್ಡಿಂಗ್ ತಪ್ಪು ಮಾಡಿರಲಿಲ್ಲ. ಸಂಚು ತಿಳಿದಿದ್ದರೂ ಬಾಯಿ ಬಿಡಲಿಲ್ಲವೆಂಬುದೇ ಅವನ ಮೇಲಿನ ಆರೋಪ. ತನ್ನ ಹೆಸರಿನ ಕಳಂಕ ಹೋಗಲಾಡಿಸಲು ಆತ 1956ರಲ್ಲಿ ಸಾಯುವವರೆಗೂ ಮನವಿ ಸಲ್ಲಿಸುತ್ತಲೇ ಇದ್ದ. ಫೋರ್ಟ್ ಬೇಯಾರ್ಡ್ ಪರವಾಗಿ ಆಡಿದ ಜಿಮ್ಮಿ ಓ'ಕಾನೆಲ್ ಮೇಲೆ ಜಯಂಟ್ಸ್ ತಂಡ 75,000 ಡಾಲರ್ ಸುರಿದಿತ್ತು. 1924ರಲ್ಲಿ ಎದುರಾಳಿಯೊಬ್ಬನಿಗೆ 500 ಡಾಲರ್ ಆಮಿಷ ಒಡ್ಡಿದ್ದನ್ನು ತಾನಾಗಿಯೇ ಒಪ್ಪಿಕೊಂಡ ಈ ಯುವಕನನ್ನು ಲ್ಯಾಂಡಿಸ್ ಹೊರಹಾಕಿದರು. ಆಮೇಲೆ ಅವನಿಗೆ ನೆಲೆ ಸಿಕ್ಕಿದ್ದು ಯುದ್ಧದಿಂದ ಮರಳಿದ ಕ್ಷಯರೋಗಿ ಸೈನಿಕರಿಗಾಗಿ ಫೋರ್ಟ್ ಬೇಯಾರ್ಡ್‌ನಲ್ಲಿ ಸರ್ಕಾರ ನಡೆಸುತ್ತಿದ್ದ ಆಸ್ಪತ್ರೆಯ ತಂಡದಲ್ಲಿ. 2025ರ ಮೇ ತಿಂಗಳಲ್ಲಿ, ಸತ್ತವರ ಮೇಲಿನ ನಿಷೇಧ ಮುಂದುವರಿಯಬೇಕಿಲ್ಲವೆಂದು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ತೀರ್ಮಾನಿಸಿದಾಗ ವೀವರ್, ಗ್ಯಾಂಡಿಲ್, ವಿಲಿಯಮ್ಸ್, ಓ'ಕಾನೆಲ್ ನಾಲ್ವರ ಹೆಸರುಗಳೂ ನಿಷೇಧಿತರ ಪಟ್ಟಿಯಿಂದ ಹೊರಬಂದವು.

ಗಡಿ ಇದ್ದದ್ದರಿಂದ ಏನಾಯಿತು ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಕಂಪನಿಯ ಹಣ ಮತ್ತು ಕಂಪನಿಯ ರೈಲು ಮೊಂಟಾನಾದ ಗಣಿ ಊರುಗಳಲ್ಲಿಯೂ ಇದ್ದವು. ಇಲ್ಲಿ ಅದರ ಮೇಲೆ ಸೈನ್ಯದ ಶಿಬಿರಗಳು ಕೊಟ್ಟ ಎದುರಾಳಿಗಳು, ಹ್ವಾರೆಸ್‌ನಂಥ ಆಚೆಯ ತಂಡಗಳು ಮತ್ತು ಮದ್ಯ ನಿಷೇಧದ ಕಾಲದಲ್ಲಿ ಗಡಿ ದಾಟಿ ಕುಡಿಯಲೂ ಜೂಜಾಡಲೂ ಬರುತ್ತಿದ್ದ ಜನಸಂದಣಿ ಸೇರಿಕೊಂಡವು. ಶಿಕಾಗೊದ ಕಮಿಷನರ್ ಕಚೇರಿಯಲ್ಲಿ ಬರೆದ ನಿಯಮವೊಂದು ಇಲ್ಲಿ ಬಂದು ತಲುಪುವ ಹೊತ್ತಿಗೆ ಅದನ್ನು ಜಾರಿಗೊಳಿಸುವವರು ಯಾರೂ ಇರುತ್ತಿರಲಿಲ್ಲ.

ಆ ಸ್ಥಿತಿ ಬಹುಕಾಲ ಉಳಿಯಲಿಲ್ಲ. ಕಾಪರ್ ಲೀಗ್ 1927ರಲ್ಲಿ ಮುಗಿಯಿತು. ಮರುವರ್ಷ ಅರಿಜೋನಾ ಸ್ಟೇಟ್ ಲೀಗ್ ಹುಟ್ಟಿದಾಗ ಊರಿನ ಪ್ರಮುಖರು ಅಧಿಕೃತ ಆಡಳಿತದ ಮಾನ್ಯತೆಯನ್ನು ಬಯಸಿದರು, ಆ ಮಾನ್ಯತೆಯ ಅಡಿಯಲ್ಲಿ ನಿಷೇಧಿತರನ್ನು ಆಡಿಸುವಂತಿರಲಿಲ್ಲ. ಬಿಸ್ಬೀಯ ತಂಡವು ಬಿಸ್ಬೀ ಬೀಸ್ ಎಂಬ ಹೆಸರಿನಲ್ಲಿ ಹೊಸ ಲೀಗನ್ನು ಸೇರಿತು. ಎರಡನೆಯ ಮಹಾಯುದ್ಧದ ನಂತರ ಬಿಸ್ಬೀ ಮತ್ತು ಡಗ್ಲಸ್ ಎರಡೂ ಊರುಗಳು ಕೂಡಿ ಕಾಪರ್ ಕಿಂಗ್ಸ್ ಎಂಬ ಒಂದೇ ತಂಡವನ್ನು 1955ರವರೆಗೆ ನಡೆಸಿದವು.